ನೀನು ಕೂರಬೇಕಾದ ಕುರ್ಚಿ

ಬಿಷ್ಕೆಕ್
ಅಕ್ಟೋಬರ್ 3, ಮಂಗಳವಾರ

ಜಿಬೆಕ್,

ಮೊದಲು 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ. ಕಾಗದವನ್ನು ಬೆಳಕಿಗೆ ಹಿಡಿದರೆ ಕಾಣಿಸುತ್ತದೆ. ಆರನೇ ತರಗತಿಯಿಂದ ನಿನಗೆ ಚೀಟಿ ಬರೆದು ಬರೆದು ಕೈಗೆ ಹತ್ತಿದ ಚಾಳಿ ಅದು, ಒಂದೇ ಸಲಕ್ಕೆ ಬಿಡುವುದಿಲ್ಲ.

ನೀನೂ ನಿನ್ನಮ್ಮ, ನಮ್ಮ ಚಿಕ್ಕಮ್ಮನೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಹನ್ನೊಂದು ಮೆಸೇಜುಗಳಿಗೆ ಉತ್ತರಿಸಲು ತಡವಾಯಿತು. ಕ್ಷಮಿಸು ಎಂದು ಬರೆಯುವುದು ರೂಢಿ, ಆದರೆ ತಡವಾದದ್ದು ನಾನು ಅವನ್ನು ತೆರೆಯದೇ ಇದ್ದುದರಿಂದ. ಕೊನೆಗೆ ತಿಲೆಕ್ ನನ್ನ ಫೋನು ತೆಗೆದುಕೊಂಡು ಒಂದೊಂದಾಗಿ ಓದಿ ಹೇಳಿದ. ತಮಾಷೆಗೆ ಹೇಳಿದ್ದಂತೆ, ನನ್ನ ಅತ್ತೆ, ನಿನ್ನ ದೊಡ್ಡಮ್ಮ, ನಗುತ್ತಾರೆ ಎಂದುಕೊಂಡಿದ್ದೆಯಂತೆ. ಫೋನಿನಲ್ಲಿ ಕಳಿಸಿದ್ದನ್ನು ಆಮೇಲೆ ಅಳಿಸಬಹುದು. ಅದಕ್ಕೇ ನಾನು ಕಾಗದ ತೆಗೆದುಕೊಂಡೆ. ತಿಲೆಕ್ ನಾಳೆ ನಿಮ್ಮ ಟೋಕ್ಮೊಕ್‌ಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಲಕೋಟೆ ಅಂಟಿಸಿದ್ದೇನೆ. ಅವನು ಒಡೆದು ನೋಡುವವನಲ್ಲ. ನಿಮ್ಮ ಮನೆತನದಲ್ಲಿ ಅಂಥವರೂ ಹುಟ್ಟುತ್ತಾರೆ.

ಅವನ ವಿಷಯ ಬರೆಯಬಾರದು ಎಂದುಕೊಂಡಿದ್ದೆ, ಆದರೆ ಮದುವೆಯಾಗಿ ಹತ್ತು ವಾರವಾದ ಹೆಂಗಸಿಗೆ ಬೇರೆ ಯಾವ ವಿಷಯವಿರುತ್ತದೆ? ಚೆನ್ನಾಗಿದ್ದಾನೆ. ಅಯ್ಯೋ, ಎಷ್ಟು ಚೆನ್ನಾಗಿದ್ದಾನೆಂದರೆ ನನಗೇ ನಾಚಿಕೆಯಾಗುತ್ತದೆ. ಕಲ್ಲಂಗಡಿ ಆರಿಸುವಾಗ ಅದನ್ನು ಕಿವಿಗೆ ಹಿಡಿದು ತಟ್ಟಿ, ಒಳಗೆ ಯಾರೋ ಮಾತಾಡುತ್ತಿರುವಂತೆ ತಲೆಯಾಡಿಸುತ್ತಾನೆ. ಬಜಾರಿನಲ್ಲಿ ಅವನ ಹಿಂದೆ ಚೀಲ ಹಿಡಿದು ನಡೆಯುವಾಗ ನನಗೆ ಹಾಡಬೇಕೆನ್ನಿಸುತ್ತದೆ. ನಿನ್ನ ದೊಡ್ಡಮ್ಮನ ಮಗನನ್ನು ನನಗೆ ತೋರಿಸಿದವಳು ನೀನು. ಆ ಉಪಕಾರವನ್ನು ನಾನು ಮರೆತಿಲ್ಲ, ಮರೆಯಲಾಗದ್ದಕ್ಕೇ ಹೊಟ್ಟೆ ಉರಿಯುವುದು.

ಮದುವೆ ಗೊತ್ತುಮಾಡಿ ನನಗೆ ಕಿವಿಯೋಲೆ ಹಾಕಿದ ಶಾಸ್ತ್ರದ ದಿನ ನಿನಗೆ ನೆನಪಿದೆಯಲ್ಲ? ನಮ್ಮ ಅಪ್ಪ ಕೇಳಿದ್ದು ಒಂದೇ ಮಾತು, ನನ್ನ ಮಗಳು ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಬೇಕು, ಸೆಪ್ಟೆಂಬರಿಗೆ ಸೀಟು ಸಿಕ್ಕಿದೆ ಎಂದು. ನಿನ್ನ ದೊಡ್ಡಮ್ಮ ಎಲ್ಲರ ಮುಂದೆ, "ಓದ್ಲಿ ಬಿಡಿ, ಅವಳ ಪುಸ್ತಕ ಇಡೋಕೆ ನಮ್ಮನೇಲಿ ಜಾಗ ಇದೆ" ಎಂದರು. ನೀನು ಚಪ್ಪಾಳೆ ತಟ್ಟಿದೆ. ಇಬ್ಬರೂ ಒಟ್ಟಿಗೆ ಅರ್ಜಿ ಹಾಕಿ ಒಟ್ಟಿಗೆ ಗೆದ್ದವರು ನಾವು. ಒಂದು ದಿನ ಒಂದೇ ಬಾಗಿಲಿಗೆ ಇಬ್ಬರ ಹೆಸರಿನ ಫಲಕ ಹಾಕುತ್ತೇವೆ, ಒಂದು ಕೋಣೆಯಲ್ಲಿ ನೀನು, ಇನ್ನೊಂದರಲ್ಲಿ ನಾನು, ನಡುವೆ ಚಹಾ ಎಂದು ಮಾತಾಡಿಕೊಂಡಿದ್ದೆವು.

ಮೊದಲ ದಿನ ಕ್ಲಾಸಿನಲ್ಲಿ ನಮ್ಮ ಮೇಡಂ ಅನಾರಾ ಎಜೆ ಎಲ್ಲರ ಮುಂದೆ ಒಂದು ಹಾಳೆ ಇಟ್ಟರು. ಈ ಕೋಣೆಯಲ್ಲಿ ಕೇಳಿದ್ದು ಈ ಕೋಣೆಯಲ್ಲೇ ಉಳಿಯತಕ್ಕದ್ದು, ಅದೇ ಮೊದಲ ಸಾಲು. ಹದಿನೈದು ಜನರಲ್ಲಿ ಮೊದಲು ಸಹಿ ಮಾಡಿದವಳು ನೀನು. ಸಹಿಯ ಕೆಳಗೆ ಒಂದು ಹೂವನ್ನೂ ಬಿಡಿಸಿದೆ. ಆ ಹಾಳೆ ಇನ್ನೂ ಗೋಡೆಯ ಮೇಲಿದೆ. ಹೋದಾಗಲೆಲ್ಲ ನಿನ್ನ ಹೂವು ಕಣ್ಣಿಗೆ ಬೀಳುತ್ತದೆ.

ಎರಡನೆಯ ಗುರುವಾರ ಏನಾಯಿತೆಂದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ, ಏಕೆಂದರೆ ನೀನು ಹೇಳಿಕೊಂಡು ಬಂದದ್ದು ಹಾಗೆ ಇರಲಿಲ್ಲ. ಮೂವರು ಮೂವರಾಗಿ ಕೂತೆವು. ಮಾತಾಡುವವಳು ನಾನು, ಕೇಳುವವಳು ನೀನು, ಬರೆದುಕೊಳ್ಳುವವರು ನಮ್ಮ ಜೊತೆ ಓದುವ ಆ ನರಿನ್ ಊರ ಕಡೆಯ ಮೇಷ್ಟ್ರು. ಎದುರಿಗೆ ಒಂದು ಖಾಲಿ ಕುರ್ಚಿ. ಮುಖ ನೋಡಿ ಮಾತಾಡಲಾಗದ ಒಬ್ಬರನ್ನು ಅದರಲ್ಲಿ ಕೂರಿಸಿ, ಹೆಸರು ಹಿಡಿದು ಕರೆದು, ಮನಸ್ಸಿನಲ್ಲಿರುವುದನ್ನು ಹೇಳಬೇಕು. ನನಗೆ ಹೊಳೆದವರು ಒಬ್ಬರೇ. ಆದರೆ ಹೆಸರು ಹೇಗೆ ಹೇಳಲಿ? ಗಂಡನ ಕಡೆಯ ಹಿರಿಯರ ಹೆಸರು ಸೊಸೆಯ ಬಾಯಲ್ಲಿ ಬರಬಾರದೆಂದು ಮದುವೆಗೆ ಮುಂಚೆ ನನ್ನಂಥ ಪೇಟೆಯವಳಿಗೆ ಪಾಠ ಹೇಳಿದವಳೇ ನೀನು. ಅತ್ತೆಯ ಬಿಳಿ ಶಾಲು ನೋಡಿ 'ಬಿಳಿಯಮ್ಮ' ಎಂಬ ಹೆಸರನ್ನು ನಾವಿಬ್ಬರೂ ಕೂತು ಹುಡುಕಿದ್ದು, ನೆನಪು ಮಾಡಿಕೋ. ನಾನು ಐದು ನಿಮಿಷ ಬಾಯಿ ಬಿಡದೆ ಕೂತೆ. ಅನಾರಾ ಎಜೆ ಬಂದು ಭುಜ ಮುಟ್ಟಿ, "ನಾನೂ ಸೊಸೆನೇ ಕಣಮ್ಮ, ಗೊತ್ತು. ಇಲ್ಲಿ ಮಾತ್ರ, ಒಂದೇ ಸಲ" ಎಂದರು. ನಾನು ಹೇಳಿದೆ. ಇಲ್ಲಿ ಬರೆಯುವುದಿಲ್ಲ, ಒಮ್ಮೆ ಹೊತ್ತುಕೊಂಡು ಹೋಗಿದ್ದೀಯಲ್ಲ, ಸಾಕು.

ನಾನು ಬೈಯಲಿಲ್ಲ, ಜಿಬೆಕ್. ನಿಮ್ಮ ಚಪ್ಪಲಿಯ ಸದ್ದು ಕೇಳಿದರೆ ನನಗೆ ಕೈ ನಡುಗುತ್ತದೆ ಎಂದೆ. ನಾನು ಲಟ್ಟಿಸಿದ ನೂಡಲ್ಸ್ ಚೆನ್ನಾಗಿದೆ ಎಂದು ನೀವು ಹೇಳಿದಾಗಲೂ ಆಮೇಲೆ ಇನ್ನೇನು ಬರುತ್ತದೋ ಎಂದು ಕಾಯುತ್ತೇನೆ ಎಂದೆ. ನಿಮ್ಮ ಮಗನ ಮೇಲೆ ನನಗೆ ಇಷ್ಟು ಪ್ರೀತಿ ಇದೆ, ಆದರೆ ನಿಮ್ಮ ಮನೆಯಲ್ಲಿ ಗಟ್ಟಿಯಾಗಿ ನಗಲು ಹೆದರುತ್ತೇನೆ ಎಂದೆ. ಆಮೇಲೆ ಅಳುತ್ತಾ ಕೂತೆ. ಇಪ್ಪತ್ತು ನಿಮಿಷ. ಬೈಗುಳ ಎಲ್ಲಿತ್ತು ಅದರಲ್ಲಿ?

ಶನಿವಾರ ನಾನು, ತಿಲೆಕ್ ಪರದೆ ಬಟ್ಟೆ ತರಲು ಹೋದೆವು. ನೀನು ಮಾಂತಿ ಕಡುಬು ತುಂಬಲು ಕೈಜೋಡಿಸುವ ನೆಪದಲ್ಲಿ ಮನೆಗೆ ಬಂದೆ. ನಾವು ಬರುವ ಹೊತ್ತಿಗೆ ನೀನು ಹೊರಟಿದ್ದೆ, ಕಡುಬು ಹಬೆಯಲ್ಲಿತ್ತು.

ಭಾನುವಾರ ಬೆಳಿಗ್ಗೆ ಎದ್ದರೆ ಮನೆ ತುಂಬ ಜುನಿಪರ್ ಹೊಗೆ. ಬಿಳಿಯಮ್ಮ ಬಾಣಲೆಯಲ್ಲಿ ಸೊಪ್ಪು ಸುಟ್ಟುಕೊಂಡು ಒಂದೊಂದು ಕುರ್ಚಿಯ ಸುತ್ತಲೂ ಮೂರು ಮೂರು ಸಲ ಸುತ್ತುತ್ತಿದ್ದರು. ಮದುವೆಗೆ ಬಂದು ಹೋದವರ ದೃಷ್ಟಿ ತೆಗೆಯುತ್ತಿದ್ದಾರೆ ಎಂದುಕೊಂಡು ನಾನು ನಗುತ್ತಾ ಹೋಗಿ, ಅವರ ಕೈ ಸುಟ್ಟೀತೆಂದು ಬಾಣಲೆ ಇಸಿದುಕೊಂಡು ಉಳಿದ ಎರಡು ಕುರ್ಚಿಗಳಿಗೆ ನಾನೇ ಹೊಗೆ ಹಾಕಿದೆ. ಅವರು ನನ್ನನ್ನು ನೋಡಿದ ನೋಟ ಈಗ ಅರ್ಥವಾಗುತ್ತದೆ. ಮಾಡುವುದನ್ನೂ ಮಾಡಿ ಹೊಗೆಯನ್ನೂ ಹಾಕುತ್ತಾಳಲ್ಲ ಎಂದುಕೊಂಡಿರಬೇಕು.

ಮಧ್ಯಾಹ್ನದ ಊಟಕ್ಕೆ ಮಾವನವರ ಜಾಗ ಎಂದಿನಂತೆ ಖಾಲಿ ಇತ್ತು. ಅವರು ತೀರಿಕೊಂಡು ಎರಡು ವರ್ಷವಾದರೂ ಆ ಜಾಗದಲ್ಲಿ ಯಾರೂ ಕೂರುವುದಿಲ್ಲ. ಬಿಳಿಯಮ್ಮ ಅಡುಗೆಮನೆಯಿಂದ ಒಂದು ಸ್ಟೂಲು ತಂದು ನನ್ನೆದುರಿಗೆ ಹಾಕಿ ಕೂತರು.

"ನಾನಿನ್ನೂ ಸತ್ತಿಲ್ಲ ಕಣಮ್ಮ. ಈ ಮನೇಲಿ ಖಾಲಿ ಜಾಗ ಇರೋದು ಒಬ್ಬರಿಗೇ. ನನ್ನನ್ನೂ ಖಾಲಿ ಕುರ್ಚಿಗೆ ಸೇರಿಸಿ, ಹೆಸರು ಹಿಡಿದು ಕೂಗಿ, ಊರವರ ಮುಂದೆ ಗೋಳಾಡಿದ್ಯಂತೆ. ತಗೋ, ಬಂದು ಕೂತಿದೀನಿ. ಈಗ ಹೇಳು."

ತಿಲೆಕ್ ಕಣ್ಣು ಪಿಳಿಪಿಳಿ ಬಿಡುತ್ತಾ ನನ್ನನ್ನೂ ಅವರನ್ನೂ ನೋಡಿದ. ನಾನು ಕೆಟಲ್ ಹಿಡಿದು ನಿಂತಿದ್ದೆ. ಅಮ್ಮ, ಅದು ಪಾಠದ ಒಂದು ವಿಧಾನ, ಸಾವಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳಬೇಕಿತ್ತು. ಇಂಗ್ಲಿಷಿನಲ್ಲಿ ಪೂರ್ತಿ ಪ್ಯಾರಾ ತಲೆಯಲ್ಲಿ ಬಂತು, ನಮ್ಮ ಭಾಷೆಯಲ್ಲಿ ಒಂದು ಪದವೂ ಬರಲಿಲ್ಲ. ನಮ್ಮ ಶಾಲೆ ನಮಗೆ ಕಲಿಸಿದ್ದು ಅಷ್ಟು.

"ಚಪ್ಪಲಿ ಸದ್ದಿಗೆ ಕೈ ನಡುಗುತ್ತಂತಲ್ಲ," ಎಂದರು. "ನಡುಗುತ್ತಾ ಇಲ್ವಲ್ಲ, ನೋಡು, ಕೆಟಲ್ ಗಟ್ಟಿಯಾಗೇ ಹಿಡಿದಿದೀಯ."

ಆ ಕ್ಷಣಕ್ಕೆ ತಿಳಿಯಿತು. ಚಪ್ಪಲಿ ಎಂಬ ಮಾತು ಕೇಳಿದ್ದವರು ಇಡೀ ಬಿಷ್ಕೆಕ್‌ನಲ್ಲಿ ಇಬ್ಬರೇ, ಮತ್ತು ನರಿನ್ ಮೇಷ್ಟ್ರಿಗೆ ನಮ್ಮ ಮನೆಯ ವಿಳಾಸ ಗೊತ್ತಿಲ್ಲ.

ಅವರು ಎದ್ದು ಕೆಟಲನ್ನು ನನ್ನ ಕೈಯಿಂದ ತೆಗೆದುಕೊಂಡರು. ನನ್ನ ಬಟ್ಟಲಿಗೆ ಚಹಾ ಸುರಿದರು, ಅರ್ಧಕ್ಕೆ ನಿಲ್ಲಿಸಲಿಲ್ಲ. ಅಂಚಿನವರೆಗೆ ಸುರಿದು ನನ್ನ ಮುಂದೆ ತಳ್ಳಿದರು. ಬಟ್ಟಲು ತುಂಬಿಸಿ ಕೊಟ್ಟರೆ ಎದ್ದು ಹೋಗು ಎಂದರ್ಥ ಅನ್ನುವುದನ್ನೂ ನನಗೆ ಕಲಿಸಿದವಳು ನೀನೇ. ತಿಲೆಕ್ ತನ್ನ ಬಟ್ಟಲನ್ನೇ ನೋಡುತ್ತಿದ್ದ. ನಾನು ಕೂತು, ಎರಡೂ ಕೈಯಲ್ಲಿ ಎತ್ತಿ, ಒಂದು ಹನಿ ಚೆಲ್ಲದೆ ಕುಡಿದೆ. ನಾಲಿಗೆ ಸುಟ್ಟಿತು. ಆದರೂ ಮುಗಿಸಿದೆ. ಏಳಲಿಲ್ಲ.

ತೀರ್ಪು ಆಮೇಲೆ ಬಂತು. ಮೊದಲು ಒಂದು ಮಗು ಆಗಲಿ, ಓದು ಆಮೇಲೆ ನೋಡೋಣ ಎಂದು. ಸೊಸೆಗೆ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಕೊಲ್ಲುವುದನ್ನು ಕಲಿಸುವ ಶಾಲೆಗೆ ತಮ್ಮ ಮನೆಯಿಂದ ಯಾರೂ ಹೋಗುವುದಿಲ್ಲವಂತೆ. ನನ್ನ ನೋಟುಬುಕ್ಕುಗಳು ಅಂದು ಸಂಜೆಯೇ ಕೋಣೆಯಲ್ಲಿ ಪೇರಿಸಿಟ್ಟ ಹಾಸಿಗೆಗಳ ತುದಿಗೆ, ನನ್ನ ಕೈಗೆ ಎಟುಕದಲ್ಲಿಗೆ ಹೋದವು. ಒಂದು ಸೆಮಿಸ್ಟರ್ ಬಿಟ್ಟರೆ ಏನಾಗುತ್ತದೆ ಎಂದು ತಿಲೆಕ್ ಮೆಲ್ಲಗೆ ಕೇಳಿದ. ಮದುವೆಯಾದ ಮೇಲೆ ಮೊದಲ ಸಲ ಅವನಿಗೆ ಬೆನ್ನು ತಿರುಗಿಸಿ ಮಲಗಿದೆ.

ಸೋಮವಾರ ಬೆಳಿಗ್ಗೆ ಬಿಳಿ ಸ್ಕಾರ್ಫು ಕಟ್ಟಿ ಎಂದಿನಂತೆ ಬಿಳಿಯಮ್ಮನಿಗೆ ಬಾಗಿ ನಮಸ್ಕರಿಸಿದೆ. ಅವರು ಹರಸಲಿಲ್ಲ. ಕೋಣೆಗೆ ಬಂದರೆ ನೋಟುಬುಕ್ಕುಗಳು ನನ್ನ ಚೀಲದಲ್ಲಿದ್ದವು. ತಿಲೆಕ್ ಶೂಗೆ ಲೇಸು ಕಟ್ಟುವುದರಲ್ಲಿ ಮುಳುಗಿದ್ದ, ಅವನ ಶೂಗೆ ಲೇಸೇ ಇಲ್ಲ. ಇಲ್ಲಿಯವರೆಗೆ ಅವನ ಧೈರ್ಯ ಇಷ್ಟೇ, ಮತ್ತು ನಾನು ಎಂಥ ಪೆದ್ದಿಯೆಂದರೆ ಆ ಒಂದಕ್ಕೇ ಅವನನ್ನು ಕ್ಷಮಿಸಿಬಿಟ್ಟೆ. ಚೀಲ ಎತ್ತಿಕೊಂಡು ಎಲ್ಲರ ಮುಂದೆಯೇ ಬಾಗಿಲು ದಾಟಿದೆ. ಅಂದಿನಿಂದ ದಿನವೂ ಬಾಗುತ್ತೇನೆ, ಅವರು ಹರಸುವುದಿಲ್ಲ, ನಾನು ಹೋಗುತ್ತೇನೆ. ಬಟ್ಟಲು ದಿನವೂ ತುಂಬಿಯೇ ಬರುತ್ತದೆ. ಕುಡಿಯುವುದು ಅಭ್ಯಾಸವಾಗಿದೆ.

ನೀನು ಮಾತ್ರ ಅಂದಿನಿಂದ ಕ್ಲಾಸಿಗೆ ಬಂದಿಲ್ಲ. ಜಿಬೆಕ್‌ಗೆ ಹುಷಾರಿಲ್ಲವೇ ಎಂದು ಅನಾರಾ ಎಜೆ ಎರಡು ಸಲ ಕೇಳಿದರು. ನಾನು ಹೇಳಲಿಲ್ಲ. ಹೇಳಿದರೆ ನಿನ್ನನ್ನು ಕೋರ್ಸಿನಿಂದ ತೆಗೆಯುತ್ತಾರೆ, ಅದು ಹಾಳೆಯ ಎರಡನೆಯ ಸಾಲಿನಲ್ಲೇ ಇದೆ. ಇದನ್ನು ದಯೆ ಎಂದುಕೊಳ್ಳಬೇಡ. ನಾನು ಹೇಳಿದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು ಹೇಗಿರುತ್ತದೆಂದು ನನಗೆ ಗೊತ್ತು. ನಿನ್ನದನ್ನು ನೀನೇ ಹೇಳು.

ನಾಡಿದ್ದು ಗುರುವಾರ ಮತ್ತೆ ನನ್ನ ಸರದಿ. ಕುರ್ಚಿಯಲ್ಲಿ ಯಾರನ್ನು ಕೂರಿಸುತ್ತೀಯ ಎಂದು ಅನಾರಾ ಎಜೆ ಕೇಳಿದರು. ನಿನ್ನ ಹೆಸರು ಕೊಟ್ಟಿದ್ದೇನೆ. ನಿನ್ನ ಹೆಸರು ಹೇಳಲು ನನಗೆ ಯಾವ ಕಟ್ಟೂ ಇಲ್ಲ, ಐದು ನಿಮಿಷ ಬೇಕಾಗುವುದಿಲ್ಲ. ಎರಡು ಗಂಟೆಗೆ ಬಂದು ನೀನೇ ಅದರಲ್ಲಿ ಕೂತು ಕೇಳಬಹುದು. ಬರದಿದ್ದರೆ ಖಾಲಿ ಕುರ್ಚಿಗೇ ಹೇಳುತ್ತೇನೆ. ಹೆದರಬೇಡ, ಅಲ್ಲಿ ಹೇಳಿದ್ದು ಅಲ್ಲೇ ಉಳಿಯುತ್ತದೆ. ಉಳಿದ ಹದಿಮೂರು ಜನ ಹೂವು ಬಿಡಿಸದೆ ಸಹಿ ಮಾಡಿದವರು.

ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸು. ನಿನಗೆ ಒಳ್ಳೆಯ ಗಂಡ ಸಿಗಲಿ, ಮಾತು ಬರುವ ಗಂಡ. ಅತ್ತೆ ನಗುನಗುತ್ತಾ ನಿನ್ನ ಬಟ್ಟಲನ್ನು ಅರ್ಧವೇ ತುಂಬಲಿ. ನಿನ್ನೆದುರು ಕೂತು ಯಾರಾದರೂ ಅತ್ತರೆ, ಅದರ ನಂತರದ ಶನಿವಾರ ನಿನ್ನ ಬಾಯಿಗೆ ಕಡುಬು ತುಂಬಿರಲಿ.

ಇತಿ,
ಬೆಗಾಯ್

ಮರೆತ ಮಾತು: ಅಂದು ನಾನು ಅಳುತ್ತಿದ್ದಾಗ ಟಿಶ್ಯೂ ಡಬ್ಬಿ ನಿನ್ನ ಮೊಣಕೈ ಹತ್ತಿರವೇ ಇತ್ತು. ಅಳುವವರಿಗೆ ಟಿಶ್ಯೂ ಚಾಚಬಾರದು, ಚಾಚಿದರೆ ಸಾಕು ಮಾಡು ಎಂದಂತಾಗುತ್ತದೆ ಎಂದು ಅನಾರಾ ಎಜೆ ಹೇಳಿಕೊಟ್ಟಿದ್ದರು. ನಿನ್ನ ಕೈ ಎರಡು ಸಲ ಡಬ್ಬಿಯ ಕಡೆ ಹೋಗಿ ಎರಡು ಸಲವೂ ಹಿಂದಕ್ಕೆ ಬಂತು. ನನ್ನ ಮೂಗು ಸೋರುತ್ತಿತ್ತು, ನಾನು ತೋಳಿಗೆ ಒರೆಸಿಕೊಂಡೆ, ನೀನು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಅಮ್ಮ ಕೂಡ ನನ್ನನ್ನು ಅಷ್ಟು ಹೊತ್ತು ಅಳಲು ಬಿಟ್ಟಿಲ್ಲ. ನನ್ನ ಮಾತನ್ನು ಯಾರೂ ಹಾಗೆ ಕೇಳಿಸಿಕೊಂಡಿಲ್ಲ, ತಿಲೆಕ್ ಕೂಡ. ಅತ್ತು ಮುಗಿದ ಮೇಲೆ, ನನಗೆ ಕಷ್ಟ ಬಂದರೆ ಇನ್ನು ಇವಳಿದ್ದಾಳೆ ಎಂದುಕೊಂಡು ಮನೆಗೆ ಹೋದೆ. ಈಗ ಕಷ್ಟ ಬಂದಿದೆ. ಯಾರ ಹತ್ತಿರ ಹೋಗಲಿ, ಹೇಳು.