ಸ್ಕೂಟರ್ ಲಾಕ್ ಆಗಿದೆಯಾ

ಅಪ್ಪ,

ನೀನು ಹೋದ ಮೇಲೆ ನಾನು ಥಿಯೇಟರಿಗೆ ಹೋಗಿದ್ದು ಇವತ್ತೇ ಮೊದಲು. ನಿನ್ನ ಮೊಮ್ಮಗಳು ಕಾರ್ಟೂನ್ ಸಿನಿಮಾಗೆ ಕರೆದಳು. ಹದಿಮೂರು ತುಂಬಿದಾಗಿನಿಂದ ಅವಳು ನನ್ನ ಜೊತೆ ಮಾತಾಡೋದೇ ಅಪರೂಪ, ಕರೆದದ್ದೇ ಪುಣ್ಯ ಅಂತ ಹೊರಟೆ.

ಸಿನಿಮಾದಲ್ಲಿ ಒಬ್ಬ ಹುಡುಗಿಯ ಸಿಟ್ಟು ಬೆಕ್ಕಾಗಿ, ಅಳು ನಾಯಿಮರಿಯಾಗಿ ಅವಳ ಹಿಂದೆಯೇ ಓಡಾಡುತ್ತವೆ. ದೊಡ್ಡವಳಾದೆ ಅಂತ ಅವಳು ನಾಯಿಮರಿಯನ್ನು ಬೀರುವಿನಲ್ಲಿ ಕೂಡಿಹಾಕುತ್ತಾಳೆ. ಕೊನೆಗೆ ಅವಳೇ ಬಾಗಿಲು ತೆಗೆದಾಗ ಅದು ಬಾಲ ಅಲ್ಲಾಡಿಸಿಕೊಂಡು ಬಂತು ನೋಡು, ನಾನು ತಟ್ಟನೆ ಎದ್ದುಬಿಟ್ಟೆ. "ಸ್ಕೂಟರ್ ಲಾಕ್ ಆಗಿದೆಯಾ ನೋಡ್ಕೊಂಡು ಬರ್ತೀನಿ" ಅಂದೆ. ಅಳು ಬರೋ ಸೀನಿಗೆಲ್ಲ ನೀನು ಹೇಳಿ ಎದ್ದು ಹೋಗುತ್ತಿದ್ದ ಮಾತು.

ಮಗಳು ಕೈ ಹಿಡಿದಳು. "ಅಮ್ಮ, ನಾವು ಬಂದಿದ್ದು ಬಸ್ಸಲ್ಲಿ. ಕೂತ್ಕೋ."

ಕೂತೆ. ಅತ್ತುಬಿಟ್ಟೆ. ಅವಳೂ ಅತ್ತಳು, ಕೈ ಮಾತ್ರ ಬಿಡಲಿಲ್ಲ. ಆಗೆಲ್ಲ ನಿನ್ನ ಪಕ್ಕದ ಸೀಟಿನಲ್ಲಿ ನಾನೇ ಇರುತ್ತಿದ್ದೆ, ಅಲ್ಲವಾ ಅಪ್ಪ.

ವಾಪಸ್ ಬರುವಾಗ ಬಸ್ಸಿನಲ್ಲಿ, ಅದು ನಿನ್ನ ಮಾತು ಅಂತ ಅವಳಿಗೆ ಹೇಳಿದೆ. ಅವಳು, "ತಾತನ ಸ್ಕೂಟರ್ ಯಾವ ಬಣ್ಣದ್ದು?" ಅಂತ ಕೇಳಿದಳು. ಹೇಳೋಕೆ ಶುರು ಮಾಡಿದೆ. ನಮ್ಮ ಸ್ಟಾಪ್ ದಾಟಿ ಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.