ಗೆರೆಯಾಚೆ ಗೋಡೆಯಿರುವ ಶಾಲೆ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಮ್ಮ ಸರ್ಕಾರಿ ಹೈಸ್ಕೂಲಿನ ಕ್ರೀಡಾ ವಿಭಾಗವನ್ನು ಈ ತಿಂಗಳ ಕೊನೆಗೆ ಮುಚ್ಚುವ ತಮ್ಮ ಆದೇಶವನ್ನು ಗೇಟಿಗೆ ಅಂಟಿಸಿದ್ದಾರೆ. ‘ಓದಿನಲ್ಲಿ ಸಾಧಾರಣ, ಆಟದಲ್ಲಿ ಶೂನ್ಯ’ ಎಂದಿದ್ದೀರಿ. ನಿಂತು ಓದಿದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ಅಂಗಡಿಗೆ ಹೋಗಿ ಯಾರದೋ ಕನ್ನಡಕಕ್ಕೆ ಸ್ಕ್ರೂ ಹಾಕುತ್ತಾ ಕೂತೆ.

ಓದಿನ ಮಾತು ಬಿಡಿ. ಒಂದೇ ಕೋಣೆಯಲ್ಲಿ ಎರಡು ತರಗತಿ ಬೆನ್ನಿಗೆ ಬೆನ್ನು ಹಾಕಿ ಕೂತು, ಒಂದು ಕಿವಿಯಲ್ಲಿ ಬೀಜಗಣಿತ, ಇನ್ನೊಂದರಲ್ಲಿ ವ್ಯಾಕರಣ ಕೇಳಿಸಿಕೊಂಡು ಪಾಸಾಗುವ ಮಕ್ಕಳು ತಮ್ಮ ಕಣ್ಣಿಗೆ ಸಾಧಾರಣವಾದರೆ ಹಾಗೇ ಇರಲಿ. ಆದರೆ ಶೂನ್ಯ? ಹೆಡ್‌ಮಾಸ್ಟರ ಕೋಣೆಯ ಗಾಜಿನ ಬೀರುವಿನಲ್ಲಿ ಓಟದ ಕಪ್ಪುಗಳು ತುಂಬಿವೆ. ಎಲ್ಲವೂ ಹಳೆಯವು. ತಮ್ಮ ಕಚೇರಿಗಾಗಿ ನಮ್ಮ ಮೈದಾನದ ಅರ್ಧವನ್ನು ಕತ್ತರಿಸಿ ಗೋಡೆ ಎಬ್ಬಿಸಿದರಲ್ಲ, ಆಮೇಲೆ ಒಂದೂ ಬಂದಿಲ್ಲ. ಈ ಕಾಕತಾಳೀಯ ತಮ್ಮ ತಜ್ಞರ ಸಮಿತಿಯ ಗಮನಕ್ಕೆ ಬರಲಿಲ್ಲವೇ?

ಅಂದಿನಿಂದ ನಮ್ಮಲ್ಲಿ ನೂರು ಮೀಟರ್ ಓಟ ಶುರುವಾಗುವುದು ಕಟ್ಟಡದ ಒಳಗೆ, ಸ್ಟಾಫ್ ರೂಮಿನ ಮುಂದೆ. ಓಡುವವರು ಬರುತ್ತಾರೆಂದು ತರಗತಿಗಳು ಬಾಗಿಲು ಹಾಕಿಕೊಳ್ಳುತ್ತವೆ. ಕಾರಿಡಾರ್ ಮುಗಿಸಿ ಮೈದಾನಕ್ಕಿಳಿದರೆ ಕೊನೆಯ ಗೆರೆಯಿರುವುದು ಗೋಡೆಯ ಬುಡದಲ್ಲಿ. ಗೆರೆಗೆ ಮುಂಚೆಯೇ ಕಾಲು ತಡೆಯದಿದ್ದರೆ ಹಲ್ಲು ಉದುರುತ್ತದೆ. ನಾನೂ ಅಲ್ಲೇ ಓಡಿದವನು. ನನ್ನ ಮುಂದಿನ ಹಲ್ಲು ಕಟ್ಟಿಸಿದ್ದು.

ಮೊನ್ನೆ ಜಿಲ್ಲಾ ಕ್ರೀಡಾಕೂಟದಲ್ಲಿ, ಇದೇ ಶಾಲೆಯಲ್ಲಿ ಓದುವ ನನ್ನ ಮಗಳು ಎಲ್ಲರಿಗಿಂತ ಮುಂದಿದ್ದಳು. ಅಲ್ಲಿ ಗೋಡೆಯಿರಲಿಲ್ಲ, ಬರೀ ಬಯಲು. ಆದರೂ ಗೆರೆ ಹತ್ತಿರವಾಗುತ್ತಲೇ ನಿಧಾನಿಸಿದಳು. ಮೂವರು ಅವಳನ್ನು ದಾಟಿಹೋದರು.

“ಏನಮ್ಮಾ, ಗೆಲ್ಲೋಕೆ ಮನಸ್ಸಿರಲಿಲ್ವಾ?” ಎಂದು ಯಾರೋ ನಕ್ಕರು.

“ನಮ್ಮ ಮಕ್ಕಳೆಲ್ಲಾ ಹೀಗೇ. ಬೈದು ಏನ್ ಮಾಡ್ಲಿ?” ಎಂದು ನಮ್ಮ ಪಿ.ಟಿ. ಮೇಷ್ಟ್ರು ಅವಳ ಶೂ ಎತ್ತಿಕೊಂಡರು. ಮಗಳು ಅಳಲಿಲ್ಲ. ಅತ್ತಿದ್ದರೆ ನನಗೂ ಏನಾದರೂ ಅನಿಸುತ್ತಿತ್ತೇನೋ.

ಮುಂದಿನ ತಿಂಗಳು ಕ್ರೀಡಾ ಹಾಸ್ಟೆಲಿನ ಆಯ್ಕೆಯಿದೆ. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಅದೇ ಕೊನೆಯದು. ಶಾಲೆಯೇ ಕಳಿಸಬೇಕೆಂಬುದು ತಮ್ಮದೇ ನಿಯಮ. ಕಳಿಸುವ ವಿಭಾಗವನ್ನು ಮುಚ್ಚುವುದೂ ತಮ್ಮದೇ ಆದೇಶ. ಎರಡಕ್ಕೂ ತಾವೇ ಸಹಿ ಹಾಕಿದ್ದೀರಿ. ಓದಿ ಹಾಕಿದಿರಾ?

ಗೋಡೆ ಒಡೆಸಿ ಎನ್ನುವಷ್ಟು ನನ್ನ ತಲೆ ಕೆಟ್ಟಿಲ್ಲ. ಅದರ ಆಚೆ ತಮ್ಮ ಕಾರುಗಳು ನೆರಳಿಗೆ ನಿಂತಿರುತ್ತವೆ, ಪಾಪ. ಆಯ್ಕೆ ಮುಗಿಯುವವರೆಗೆ ಆದೇಶ ತಡೆಹಿಡಿಯಿರಿ. ಸದಾ ಬೀಗ ಬಿದ್ದಿರುವ ನಗರ ಕ್ರೀಡಾಂಗಣವನ್ನು ಬೆಳಗಿನ ಹೊತ್ತು ಈ ಮಕ್ಕಳಿಗೆ ತೆರೆದುಕೊಡಿ. ಇಷ್ಟೇ.

ಇವತ್ತು ತಿಂಡಿ ತಿನ್ನುತ್ತಾ ಮಗಳು ಕೇಳಿದಳು: “ಅಪ್ಪಾ, ಬೇರೆ ಸ್ಕೂಲಿನವರು ಗೆರೆ ದಾಟಿದ ಮೇಲೂ ಓಡ್ತಾನೇ ಇರ್ತಾರಲ್ಲ, ಎಷ್ಟು ದೂರ ಹೋಗಿ ನಿಲ್ತಾರೆ?”

ನನಗೆ ಗೊತ್ತಿಲ್ಲ. ತಮಗೆ ಗೊತ್ತಿದ್ದರೆ ಅವಳಿಗೆ ತಿಳಿಸಿ.

ಇಂತಿ,
ಇನ್ನೂ ತಮ್ಮ ಆಜ್ಞಾಧಾರಕನೇ ಆಗಿರುವ
ಒಬ್ಬ ಹಳೆಯ ವಿದ್ಯಾರ್ಥಿ, ಒಬ್ಬ ಅಪ್ಪ