ಅಣ್ಣನ ಬಲಗಾಲು

ಮಾರ್ಚ್ ೯, ಸೋಮವಾರ

ಅಣ್ಣ ಇವತ್ತು ವಿಮಾನವನ್ನು ರನ್‌ವೇ ಮೇಲೆ ಬುಗುರಿಯಂತೆ ತಿರುಗಿಸಿಬಿಟ್ಟ. ನಾನು ಹಿಂದಿನ ಸೀಟಿನಲ್ಲಿದ್ದೆ. ಚಕ್ರಗಳು ಮೆತ್ತಗೇ ನೆಲ ಮುಟ್ಟಿದ್ದವು. ಆಮೇಲೆ ಮೂತಿ ಕೊಂಚ ಎಡಕ್ಕೆ ಸರಿಯಿತು. ಬಾಲದಲ್ಲಿ ಚಕ್ರವಿರುವ ವಿಮಾನ ಹೀಗೆ ಸರಿದರೆ ಆ ಕ್ಷಣವೇ ಬಲಗಾಲಿನ ಪೆಡಲ್ ಒತ್ತಬೇಕು, ತಡವಾದರೆ ಬಾಲವೇ ಮುಂದಕ್ಕೆ ಓಡಿಬರುತ್ತದೆ. ನನಗಿದನ್ನು ಕಲಿಸಿದವನೇ ಅಣ್ಣ. ಅವನು ಒತ್ತಲಿಲ್ಲ. ನಾನು ಹಿಂದಿನ ಸೀಟಿನ ಪೆಡಲ್ ಒತ್ತುವಷ್ಟರಲ್ಲಿ ಬಲರೆಕ್ಕೆ ಹುಲ್ಲು ಕೆರೆಯುತ್ತಿತ್ತು.

ಇಬ್ಬರಿಗೂ ಏನೂ ಆಗಲಿಲ್ಲ. ಓಡಿಬಂದ ಮೆಕ್ಯಾನಿಕ್‌ಗೆ ಅಣ್ಣ, "ಗಾಳಿ ಹೊಡೀತು, ಏನ್ ಮಾಡ್ಲಿ?" ಎಂದ. ಗಾಳಿ ಬೀಸುವುದನ್ನು ತೋರಿಸುವ, ಕಂಬದ ಮೇಲಿನ ಗಾಳಿಚೀಲ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ಮೆಕ್ಯಾನಿಕ್ ಅದನ್ನೊಮ್ಮೆ ನೋಡಿ, ರೆಕ್ಕೆ ಪರೀಕ್ಷಿಸಲು ಬಗ್ಗಿದ.

ಮನೆಗೆ ಬರುವಾಗ ಕಾರು ನಾನೇ ಓಡಿಸಿದೆ. "ಕಾಲಿಗೇನಾಗಿದೆ?" ಎಂದು ಕೇಳಿದೆ.

"ಮರಗಟ್ಟತ್ತೆ. ಪೆಡಲ್ ಮೇಲೆ ಇದ್ಯೋ ಇಲ್ವೋ ಅಂತಾನೇ ಗೊತ್ತಾಗಲ್ಲ."

"ಅತ್ತಿಗೆಗೆ ಗೊತ್ತಾ?"

"ಇಲ್ಲ. ನಿಂಗೇ ಮೊದಲು ಹೇಳ್ತಿರೋದು."

ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು. ಚಪ್ಪಲಿ ಬಿಡುವ ಮೊದಲೇ ಅಣ್ಣ, "ಇನ್ಮೇಲೆ ನಾನು ಹಾರಿಸಲ್ಲ," ಎಂದ. ಅತ್ತಿಗೆ ಅವನ ಮುಖವನ್ನೇ ನೋಡಿದರು. "ಕೈ ತೊಳ್ಕೊಂಡ್ ಬನ್ನಿ, ಊಟ ಆರ್ತಿದೆ," ಎಂದರು.

ಅವನು ಹೊಟ್ಟೆತುಂಬ ಉಂಡ. ನನಗಾಗಿದ್ದು ದುಃಖವೋ ನೆಮ್ಮದಿಯೋ ಇನ್ನೂ ತಿಳಿದಿಲ್ಲ. ನಾಳೆಯಿಂದ ಅವನ ವಿದ್ಯಾರ್ಥಿಗಳಿಗೆ ನಾನೇ ಕಲಿಸಬೇಕು. ಅವರು ಅವನೆಲ್ಲಿ ಎಂದು ಕೇಳಿದರೆ, ನಾನೂ ಗಾಳಿ ಹೊಡೀತು ಎಂದೇ ಹೇಳುತ್ತೇನೆ.